ಕೋಟೆ, ಅರಮನೆಯ ತೋಟ ಅಗೆಯುವಾಗ ಪಕ್ಕದಲ್ಲಿ ತಿಳಿದವರೊಬ್ಬರು ಇರಲಿ

ಹಳೇ ಅರಮನೆಯ ಗೋಡೆಗೆ ಯಾರಾದರೂ ಮೊಳೆ ಹೊಡೆದರೆ ನಾವೆಲ್ಲ ಗಲಾಟೆ ಮಾಡುತ್ತೇವೆ. ಅದೇ ಅರಮನೆಯ ತೋಟಕ್ಕೆ ಪೈಪ್ ಹಾಕಲು, ದೀಪದ ಕಂಬ ನೆಡಲು ಜೆಸಿಬಿ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ತೋಟ ಅಂದರೆ ಬರೀ ಹುಲ್ಲು, ಗಿಡ ಅಂತ ನಮ್ಮ ಲೆಕ್ಕ. ಈ ಲೆಕ್ಕ ತಪ್ಪು.

ಹಂಪಿಯ ರಾಜರ ಆವರಣದಲ್ಲಿರುವ ಮೆಟ್ಟಿಲುಗಳ ಪುಷ್ಕರಣಿ ಎಲ್ಲರಿಗೂ ಗೊತ್ತು. 1980ರ ದಶಕದಲ್ಲಿ ಉತ್ಖನನ ಆಗುವವರೆಗೆ ಅದು ಮಣ್ಣಿನಡಿ ಇತ್ತು. ಹತ್ತಿರ ಹೋಗಿ ನೋಡಿ, ಅದರ ಕಲ್ಲುಗಳ ಮೇಲೆ ಸಣ್ಣ ಸಣ್ಣ ಗುರುತುಗಳಿವೆ. ಈ ಕಲ್ಲು ಯಾವ ದಿಕ್ಕಿಗೆ, ಎಷ್ಟನೇ ಸಾಲಿಗೆ ಅಂತ ಕಟ್ಟಿದವರು ಹಾಕಿಕೊಂಡ ಗುರುತು. ಅಲ್ಲಿ ಜೆಸಿಬಿ ಒಂದು ಸಲ ಬಾಚಿದ್ದರೆ ಏನು ಉಳಿಯುತ್ತಿತ್ತು ಹೇಳಿ?

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೇ ಬಿದನೂರಿನಲ್ಲಿ, ಪಾಳು ಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಜಾಸ್ತಿ ರಾಕೆಟ್‌ಗಳು ಸಿಕ್ಕವು. ಗೇಣುದ್ದದ ಕಬ್ಬಿಣದ ಕೊಳವೆಗಳು, ಪೂರ್ತಿ ತುಕ್ಕು. ಬಾವಿಯ ಮಣ್ಣಿಗೆ ಸಿಡಿಮದ್ದಿನ ವಾಸನೆ ಇತ್ತು. ಆ ವಾಸನೆ ಏನು ಅಂತ ಗೊತ್ತಿದ್ದವರು ಅಲ್ಲಿದ್ದರು. ಇಲ್ಲದಿದ್ದರೆ ಅಷ್ಟೂ ಗುಜರಿಗೆ ಹೋಗುತ್ತಿತ್ತು ಅಲ್ವಾ?

ನಾನು ಕೇಳುವುದು ದೊಡ್ಡ ಉತ್ಖನನ ಅಲ್ಲ. ಕೆಲಸ ನಡೆಯಲಿ. ಮಣ್ಣು ತೆಗೆಯುವಾಗ ಪುರಾತತ್ವ ತಿಳಿದ ಒಬ್ಬರು ಪಕ್ಕದಲ್ಲಿ ನಿಂತಿರಲಿ. ಜೆಸಿಬಿಗೆ ಹಲ್ಲಿಲ್ಲದ ಬಕೆಟ್ ಹಾಕಿ ತೆಳ್ಳಗೆ, ಪದರ ಪದರವಾಗಿ ಕೆರೆಯಲಿ. ಮಣ್ಣಿನ ಬಣ್ಣ ಬದಲಾದ ಕಡೆ ನಿಲ್ಲಿಸಲಿ. ಒಂದು ಪದರ ಬೂದಿ, ಅದರ ಕೆಳಗೆ ಗಾರೆ, ಮಧ್ಯೆ ನಾಲ್ಕು ಮಡಕೆ ಚೂರು. ನಮಗೆ ಅದು ಕಸದ ಹಾಗೆ ಕಾಣುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದರಲ್ಲೇ ಜಾಗದ ಕಥೆ ಇರುತ್ತದೆ. ಆಳ ಅಳೆದು, ಫೋಟೋ ತೆಗೆದು, ಚಿತ್ರ ಬರೆದುಕೊಂಡ ಮೇಲೆ ಪೈಪ್ ಹಾಕಲಿ. ಏನೂ ಸಿಗದಿದ್ದರೆ ಅದನ್ನೂ ಬರೆದಿಡಲಿ. ಮುಖ್ಯವಾಗಿ, "ನಿಲ್ಲಿಸಿ" ಅನ್ನುವ ಅಧಿಕಾರ ಆ ವ್ಯಕ್ತಿಗೆ ಇರಬೇಕು. ಸುಮ್ನೆ ಕುರ್ಚಿ ಹಾಕಿ ಕೂರಿಸಿದರೆ ಪ್ರಯೋಜನ ಇಲ್ಲ.

ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಕಟ್ಟಡ ಕೆಲಸಕ್ಕೆ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಅಂತ ಕಾನೂನಿದೆ. ಆದರೆ ಯಾವ ಪಟ್ಟಿಯಲ್ಲೂ ಇಲ್ಲದ ಹಳೇ ವಾಡೆ, ಮಠ, ದೇವಸ್ಥಾನದ ಹಿತ್ತಲು ಎಷ್ಟಿವೆ! ಅಲ್ಲಿ ಮಾಲೀಕರಿಗೆ ಭಯ: ಏನಾದರೂ ಸಿಕ್ಕರೆ ಜಾಗವೇ ಕೈ ತಪ್ಪುತ್ತದೆ ಅಂತ. ಹಾಗಾಗಿ ರಾತ್ರೋರಾತ್ರಿ ಗುಂಡಿ ಮುಚ್ಚುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಜಾಗ ಎಲ್ಲೂ ಹೋಗುವುದಿಲ್ಲ, ದಾಖಲೆ ಆದ ಮೇಲೆ ಕೆಲಸ ಮುಂದುವರಿಸಬಹುದು ಅಂತ ಸರ್ಕಾರ ಬರೆದು ಕೊಡಲಿ. ಇಂತಿಷ್ಟು ದಿನದೊಳಗೆ ನೋಡಿ ಮುಗಿಸುತ್ತೇವೆ ಅಂತಲೂ ಹೇಳಲಿ. ಖರ್ಚನ್ನು ಮಾಲೀಕರ ತಲೆಗೆ ಕಟ್ಟಬಾರದು.

ಸರ್ಕಾರಿ ಕಾಮಗಾರಿಯಲ್ಲಂತೂ ನೆಪವೇ ಇಲ್ಲ. ಎಸ್ಟಿಮೇಟ್‌ನಲ್ಲಿ ಕಲ್ಲು, ಸಿಮೆಂಟ್ ಜೊತೆ ಇದಕ್ಕೂ ಒಂದು ಸಾಲು ಸೇರಿಸಲಿ. ನಿಮ್ಮೂರಿನ ಕೋಟೆ ಆವರಣದಲ್ಲಿ ಈಗ ಅಗೆತ ನಡೆಯುತ್ತಿದ್ದರೆ, ಗುಂಡಿ ಮುಚ್ಚುವ ಮೊದಲೇ ಪುರಾತತ್ವ ಇಲಾಖೆಗೆ ಒಂದು ಫೋನ್ ಮಾಡಿ.