ಸಿಗರೇಟು ಬಿಡುವುದಕ್ಕೂ ಇಷ್ಟು ಅರ್ಜಿ ತುಂಬಬೇಕೆ?

ಸಿಗರೇಟು ಬಿಡುತ್ತೇನೆ ಎಂದು ಒಬ್ಬ ಮನುಷ್ಯ ಯಾರ ಒತ್ತಾಯವೂ ಇಲ್ಲದೆ ಹೇಳುವ ಗಳಿಗೆ ಎಷ್ಟು ಅಪರೂಪದ್ದು ಎಂಬುದು ಸೇದುವವರ ಜೊತೆ ಬಾಳಿದವರಿಗೆ ಗೊತ್ತು. ನಮ್ಮ ಮನೆಗೆ ಬಂದಿದ್ದ ಅಂಥ ಗಳಿಗೆಯನ್ನು ನೋಂದಣಿಯ ಹೆಸರಿನಲ್ಲಿ ಹಾಳುಮಾಡಿದವರ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ.

ಧೂಮಪಾನ ಬಿಡಿಸುವುದಾಗಿ ಹೇಳಿಕೊಳ್ಳುವ ಖಾಸಗಿ ಆ್ಯಪ್ ಒಂದರಲ್ಲಿ ಅಣ್ಣನ ಹೆಸರು ಸೇರಿಸಲು ಕುಳಿತೆವು. ಅಲ್ಲಿ ಮೊದಲು ಕೇಳಿದ್ದೇ ಇಮೇಲ್ ವಿಳಾಸ, ಅದು ಅವನಿಗಿಲ್ಲ. ಅವನ ಕೀಪ್ಯಾಡ್ ಫೋನಿಗೆ ಒಟಿಪಿ ಬಂದು ತಲುಪುವಷ್ಟರಲ್ಲಿ ಪುಟದ ಅವಧಿಯೇ ಮುಗಿದಿತ್ತು. ಆಮೇಲೆ ಇಂಗ್ಲಿಷಿನಲ್ಲಿ ಸಾಲುಸಾಲು ಪ್ರಶ್ನೆಗಳು. ಬೆಳಿಗ್ಗೆ ಎದ್ದು ಎಷ್ಟು ನಿಮಿಷಕ್ಕೆ ಮೊದಲ ಸಿಗರೇಟು ಹಚ್ಚುತ್ತೀರಿ ಎಂದು ಕೇಳುವುದು ತಪ್ಪಲ್ಲ, ನಿಕೋಟಿನ್ ಅವಲಂಬನೆಯನ್ನು ಅಳೆಯುವ ಫ್ಯಾಗರ್‌ಸ್ಟ್ರಾಮ್ ಪರೀಕ್ಷೆಯ ಮುಖ್ಯ ಪ್ರಶ್ನೆಯೇ ಅದು; ಆದರೆ ಅದನ್ನು ಆಪ್ತಸಮಾಲೋಚಕರು ಮಾತಿನ ನಡುವೆ ಕೇಳಬೇಕೇ ಹೊರತು ಬಾಗಿಲಲ್ಲೇ ತಡೆದು ನಿಲ್ಲಿಸಿ ಕೇಳಬಾರದು. ಎಲ್ಲ ತುಂಬಿದ ಮೇಲೆ ಬಂದ ಉತ್ತರ, ಮೂರು ಕೆಲಸದ ದಿನಗಳೊಳಗೆ ಪ್ರತಿನಿಧಿ ಸಂಪರ್ಕಿಸುತ್ತಾರೆ ಎಂಬುದು. ನಿಕೋಟಿನ್ ನಿಂತ ಮೊದಲ ಎರಡು ಮೂರು ದಿನಗಳಲ್ಲೇ ಚಡಪಡಿಕೆ, ಸಿಡುಕು, ನಿದ್ದೆಗೇಡು ಅತಿ ಹೆಚ್ಚು ಕಾಡುತ್ತವೆ ಎಂಬುದು ಇದನ್ನೇ ಕಸುಬಾಗಿಸಿಕೊಂಡವರಿಗೆ ತಿಳಿಯದೆ? ಕೊನೆಗೆ ಅವರ ಕರೆ ಬಂದಾಗ ಅಣ್ಣ ಕಾರ್ಖಾನೆಯೊಳಗಿದ್ದ, ಫೋನು ಲಾಕರಿನಲ್ಲಿತ್ತು. ಆಮೇಲೆ ಶುರುವಾದದ್ದು ವಿಮೆ ಮಾರುವವರ ಕರೆಗಳು. ಈಗ ಗೊತ್ತಿಲ್ಲದ ಯಾವ ನಂಬರನ್ನೂ ಅವನು ಎತ್ತುವುದಿಲ್ಲ.

ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ, 2016ರಿಂದಲೇ ಇದೆ. 2018ರಿಂದ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವೂ ಅದರಲ್ಲಿ ಸೇರಿ, ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ. ಹಾಗಿದ್ದರೂ ಇದು ಅಣ್ಣನಂಥವರ ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ನಂಬರನ್ನು ಅಚ್ಚು ಹಾಕಿರುವುದು ಪ್ಯಾಕಿನ ಮೇಲೆ, ಅಣ್ಣ ಕೊಳ್ಳುವುದು ಬಿಡಿ ಸಿಗರೇಟು. ಬಿಡಿಯಾಗಿ ಮಾರುವುದಕ್ಕೆ ಕರ್ನಾಟಕದಲ್ಲಿ ನಿಷೇಧವಿದ್ದರೂ ಯಾವ ಗೂಡಂಗಡಿಯಲ್ಲಿ ಅದು ನಿಂತಿದೆ? ಪ್ಯಾಕನ್ನೇ ಕೊಂಡರೂ ಆ ಸಾಲು ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ.

ದೇಶದಲ್ಲಿ ಸೇದುವವರ ಪೈಕಿ ಸುಮಾರು ಶೇ 55ರಷ್ಟು ಮಂದಿ ಬಿಡುವ ಯೋಜನೆಯಲ್ಲೋ ಯೋಚನೆಯಲ್ಲೋ ಇದ್ದಾರೆಂದು 2016-17ರ ವಯಸ್ಕರ ತಂಬಾಕು ಸಮೀಕ್ಷೆಯೇ ಹೇಳಿದೆ. ಅವರಿಗೆ ಮನಸ್ಸಿಲ್ಲ ಎಂದು ದೂರುವವರ ಮಾತು ಕೇಳಿದರೆ ಮೈ ಉರಿಯುತ್ತದೆ. ಫೋನ್ ನಂಬರು, ಮಾತನಾಡುವ ಭಾಷೆ, ಕರೆ ಮಾಡಬಹುದಾದ ಹೊತ್ತು, ಇಷ್ಟನ್ನು ಆಶಾ ಕಾರ್ಯಕರ್ತೆಯೋ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸೋ ಬರೆದುಕೊಂಡು ಸಹಾಯವಾಣಿಗೆ ಕಳುಹಿಸಲಿ, ಅದೇ ದಿನ ಕರೆ ಬರಲಿ. ಉಳಿದ ಪ್ರಶ್ನೆಗಳನ್ನೆಲ್ಲ ಆ ಮನುಷ್ಯ ಮಾತಿಗೆ ಸಿಕ್ಕ ಮೇಲೆ ಕೇಳಿಕೊಳ್ಳಬಹುದು.