ಓಡಿದಷ್ಟೂ ಉಪ್ಪು

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಹತ್ತು ಕಿಲೋಮೀಟರ್ ಓಡಿ, ಸೀದಾ ದರ್ಶಿನಿಯ ಕ್ಯೂಗೆ ಬಂದು ನಿಂತವರ ಬೆನ್ನನ್ನೊಮ್ಮೆ ನೋಡಿ. ಕಪ್ಪು ಟೀ ಶರ್ಟಿನ ತುಂಬ ಬಿಳಿ ಬಿಳಿ ಗೆರೆ. ಹಿಂದೆ ನಿಂತ ಹಿರಿಯರಿಗೆ ಬಾಯಿ ತಡೆಯುವುದಿಲ್ಲ: "ಸುಣ್ಣದ ಗೋಡೆಗೆ ಒರಗಿಬಿಟ್ರಾ ಸಾರ್?" ಜೊತೆಯಲ್ಲೇ ಅಷ್ಟೇ ದೂರ ಓಡಿದ ಗೆಳೆಯನ ಶರ್ಟಿನಲ್ಲಿ ಒಂದು ಗೆರೆಯೂ ಇಲ್ಲ. ಅವನು ಇಡ್ಲಿ ಮುರಿಯುತ್ತಾ "ನಿನ್ನ ಬೆವರಲ್ಲಿ ಉಪ್ಪು ಜಾಸ್ತಿ ಕಣೋ, ಬಿಪಿ ಚೆಕ್ ಮಾಡಿಸು" ಎಂದು ಪುಕ್ಕಟೆ ಸಲಹೆ ಬೇರೆ ಕೊಡುತ್ತಾನೆ.

ಬಿಪಿಯನ್ನು ಎಳೆದು ತರುವ ಅಗತ್ಯವಿಲ್ಲ. ಚರ್ಮದೊಳಗೆ ಬೆವರು ಒಸರುವ ಜಾಗದಲ್ಲಿ ಎಲ್ಲರದೂ ಹೆಚ್ಚುಕಡಿಮೆ ಒಂದೇ ಉಪ್ಪು. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಒಂದೊಂದಕ್ಕೂ ತಳದಲ್ಲಿ ಸುರುಳಿ ಸುತ್ತಿದ ಭಾಗ, ಅಲ್ಲಿಂದ ಚರ್ಮದ ಮೇಲಕ್ಕೆ ಒಂದು ನಾಳ. ಸುರುಳಿಯಲ್ಲಿ ಒಸರುವ ದ್ರವದ ಉಪ್ಪು ರಕ್ತದಲ್ಲಿರುವಷ್ಟೇ: ಲೀಟರಿಗೆ 8-9 ಗ್ರಾಂ, ಅಂದರೆ ಆಸ್ಪತ್ರೆಯ ಸಲೈನ್ ಬಾಟಲಿಯ ಲೆಕ್ಕ. ಅಷ್ಟನ್ನೂ ಹೊರಗೆ ಚೆಲ್ಲಿದರೆ ದೇಹ ದಿವಾಳಿಯೇಳುತ್ತದೆ. ಹಾಗಾಗಿ ನಾಳದ ಗೋಡೆ, ದ್ರವ ಮೇಲೇರುವ ಹಾದಿಯಲ್ಲೇ ಸೋಡಿಯಂ, ಕ್ಲೋರೈಡ್ (ಇವೆರಡು ಸೇರಿದ್ದೇ ಉಪ್ಪು) ಎರಡನ್ನೂ ಹಿಂದಕ್ಕೆ ಕಿತ್ತುಕೊಂಡು ನೀರನ್ನು ಹೊರಗೆ ಬಿಡುತ್ತದೆ. ಚರ್ಮ ತಲುಪುವ ಹೊತ್ತಿಗೆ ಸಾಮಾನ್ಯವಾಗಿ ಲೀಟರಿಗೆ 1ರಿಂದ 5 ಗ್ರಾಂ ಉಳಿದಿರುತ್ತದೆ.

ಈ ನಾಳದ್ದು ಸಿಟಿ ಬಸ್ ಕಂಡಕ್ಟರ ಕೆಲಸ. ಮಧ್ಯಾಹ್ನದ ಖಾಲಿ ಬಸ್ಸಿನಲ್ಲಿ ಅವರು ಒಬ್ಬರನ್ನೂ ಬಿಡುವುದಿಲ್ಲ. ಸಂಜೆ ಆರಕ್ಕೆ ಮೆಜೆಸ್ಟಿಕ್ ಬಿಟ್ಟ ಬಸ್ಸಿನಲ್ಲಿ ಅವರು ಅರ್ಧ ಬಸ್ಸು ದಾಟುವಷ್ಟರಲ್ಲಿ ಮುಂಬಾಗಿಲಿನಿಂದ ನಾಲ್ಕು ಜನ ಇಳಿದು ಹೋಗಿರುತ್ತಾರೆ. ಕಂಡಕ್ಟರ್ ಸೋಮಾರಿಯಲ್ಲ, ಕೈಗೊಂದು ಮಿತಿ ಇದೆ, ಅಷ್ಟೇ. ಲಾಲ್‌ಬಾಗಿನಲ್ಲಿ ಮಾತಾಡಿಕೊಂಡು ನಡೆದಾಗ ಬೆವರು ನಿಧಾನವಾಗಿ ಒಸರುತ್ತದೆ, ನಾಳ ಬಹುಪಾಲು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ. ವೇಗ ಹೆಚ್ಚಿ ಗಂಟೆಗೆ ಒಂದು, ಒಂದೂವರೆ ಲೀಟರ್ ಹರಿಯತೊಡಗಿದರೆ ಉಪ್ಪು ತಪ್ಪಿಸಿಕೊಂಡು ಹೊರಬೀಳುತ್ತದೆ. ಒಬ್ಬರದೇ ಬೆವರು, ಒಂದೇ ಬೆಳಗು. ನಡೆದಾಗ ಸಪ್ಪೆ, ಓಡಿದಾಗ ಉಪ್ಪು. ಬೆವರೂ ಜಾಸ್ತಿ, ಅದರ ಪ್ರತಿ ಲೀಟರಿನ ಉಪ್ಪೂ ಜಾಸ್ತಿ, ಹೀಗೆ ನಷ್ಟ ಎರಡು ಕಡೆಯಿಂದ.

ಕಂಡಕ್ಟರ ಸಂಖ್ಯೆ ಹೆಚ್ಚಿಸುವ ಉಪಾಯವೂ ದೇಹಕ್ಕೆ ಗೊತ್ತು. ಸೆಕೆಯಲ್ಲಿ ದಿನವೂ ಬೆವರಿದರೆ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟಿರಾನ್ ಎಂಬ ಹಾರ್ಮೋನ್ ಹೆಚ್ಚು ಬರುತ್ತದೆ, ನಾಳ ಚುರುಕಾಗುತ್ತದೆ. 10ರಿಂದ 14 ದಿನದಲ್ಲಿ ಬೆವರು ಮೊದಲಿಗಿಂತ ಬೇಗ, ಹೆಚ್ಚು ಸುರಿಯುತ್ತದೆ, ಆದರೆ ಅದೇ ವೇಗದ ಓಟಕ್ಕೆ ಉಪ್ಪು ಕಡಿಮೆ. ಇದು ಪಿಂಚಣಿಯಲ್ಲ, ಕೆಲವೇ ವಾರಗಳಲ್ಲಿ ಕೈಬಿಡುತ್ತದೆ. ಕಲಬುರಗಿಯ ಬಿಸಿಲಿನಲ್ಲಿ ಪಳಗಿ ಬಂದವರು ವೈಟ್‌ಫೀಲ್ಡಿನ ಎಸಿಯಲ್ಲಿ ಒಂದು ತಿಂಗಳು ಕೂತು ಎದ್ದರೆ, "ನಾವೆಂಥಾ ಬಿಸಿಲು ಕಂಡವರು" ಎನ್ನುವ ಜಂಬ ಉಳಿದಿರುತ್ತದೆ, ನಾಳದ ಅಭ್ಯಾಸ ಉಳಿದಿರುವುದಿಲ್ಲ. ಚಳಿಗಾಲವೆಲ್ಲ ಹೊದ್ದು ಮಲಗಿ, ಮಾರ್ಚಿನಲ್ಲಿ ದಿಢೀರನೆ ಶೂ ಕಟ್ಟುವವರ ಶರ್ಟಿನ ಮೇಲೆ ಗೆರೆ ದಪ್ಪಗಿರುವುದಕ್ಕೂ ಇದೊಂದು ಕಾರಣ. ಇನ್ನುಳಿದದ್ದು ವಂಶಪಾರಂಪರ್ಯ. ಉಪ್ಪಿನಕಾಯಿ ಭರಣಿಯನ್ನು ಪಕ್ಕದಲ್ಲಿಟ್ಟುಕೊಂಡೇ ಊಟ ಮಾಡುವ ಅಭ್ಯಾಸದ ಪಾಲೂ ಸ್ವಲ್ಪ ಇದೆ: ದಿನಗಟ್ಟಲೆ ಉಪ್ಪು ಕಡಿಮೆ ತಿಂದರೆ ದೇಹ ಬೆವರಿನಲ್ಲೂ ಜಿಪುಣನಾಗುತ್ತದೆ.

ಇಷ್ಟಾದರೂ ಶರ್ಟಿನ ಗೆರೆ ಒಳ್ಳೆಯ ಸಾಕ್ಷಿಯಲ್ಲ. ಗೆರೆ ಮೂಡಲು ಉಪ್ಪಿದ್ದರೆ ಸಾಲದು, ನೀರು ಆರಬೇಕು. ಬೆಂಗಳೂರಿರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಬೇಸಿಗೆಯ ಒಣಗಾಳಿಗೆ ಬೆವರು ಆವಿಯಾಗಿ ಉಪ್ಪು ಬಟ್ಟೆಯಲ್ಲೇ ಕೂರುತ್ತದೆ. ಅದೇ ಮನುಷ್ಯ ಮಂಗಳೂರಿನಲ್ಲಿ ಓಡಿದರೆ ಬೆವರು ಆರದೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ. ಶರ್ಟು ಒದ್ದೆ, ಗೆರೆ ನಾಪತ್ತೆ, ಮೈ ತಂಪೂ ಆಗಿಲ್ಲ, ಏಕೆಂದರೆ ತಂಪು ಮಾಡುವುದು ಆವಿಯಾದ ಬೆವರೇ ಹೊರತು ನೆಲಕ್ಕೆ ಬಿದ್ದದ್ದಲ್ಲ. ತುಟಿ ಸವರಿ ರುಚಿ ನೋಡುವ ಪರೀಕ್ಷೆಯೂ ಇಷ್ಟೇ. ನಾಲಿಗೆಗೆ ಸಿಗುವುದು ಅರ್ಧ ಆರಿ ಗಟ್ಟಿಯಾದ ಬೆವರು; ನಿನ್ನೆಯಿಂದ ತೊಳೆಯದ ಕ್ಯಾಪ್ ಹಾಕಿದ್ದರೆ ನಿನ್ನೆಯ ಉಪ್ಪೂ ಅದರೊಳಗಿರುತ್ತದೆ.

ಗೆರೆ ತೆಗೆಯುವುದು ಸುಲಭ. ಉಪ್ಪು ನೀರಿಗೆ ಕರಗುತ್ತದೆ, ಹದಿನೈದು ನಿಮಿಷ ತಣ್ಣೀರಿನಲ್ಲಿ ನೆನೆಸಿದರೆ ಮುಗಿಯಿತು. ಕಂಕುಳಿನ ಹಳದಿ ಕಲೆ ಬೇರೆ ಜಾತಿಯದು. ಬೆವರು ತಡೆಯುವ ರೋಲ್-ಆನ್‌ನ ಅಲ್ಯೂಮಿನಿಯಂ ಬೆವರಿನ ಜೊತೆ ಸೇರಿ ಆದದ್ದು ಅದು; ಕ್ಲೋರಿನ್ ಬ್ಲೀಚ್ ಸುರಿದರೆ ಇನ್ನಷ್ಟು ಹಳದಿಯಾಗಬಹುದು.

ನಿಜವಾದ ಕಿತಾಪತಿ ಲೋಹದ ಮೇಲೆ. ಮಳೆಗೆ ಹೆದರಿ ಬಾಲ್ಕನಿಯಲ್ಲಿ ಟ್ರೈನರ್‌ಗೆ (ನಿಂತಲ್ಲೇ ತುಳಿಯುವ ಸ್ಟ್ಯಾಂಡಿಗೆ) ಏರಿಸಿದ ಸೈಕಲ್ ಒಂದು ಕಿಲೋಮೀಟರೂ ಚಲಿಸದೆ ತುಕ್ಕು ಹಿಡಿಯುತ್ತದೆ. ಎದುರುಗಾಳಿ ಇಲ್ಲದ್ದರಿಂದ ಬೆವರು ಹನಿಹನಿಯಾಗಿ ಹ್ಯಾಂಡಲ್ ಬುಡದ ಬೋಲ್ಟಿನ ಮೇಲೇ ಬೀಳುತ್ತದೆ, ಹ್ಯಾಂಡಲ್ ಟೇಪಿನ ಒಳಗೂ ಇಳಿಯುತ್ತದೆ. ಹೊರಗೆ ಟೇಪ್ ಹೊಸದರಂತಿದ್ದು ಒಳಗಿನ ಅಲ್ಯೂಮಿನಿಯಂ ಪುಡಿಯಾಗುತ್ತಿರುವುದು ಟೇಪ್ ಬಿಚ್ಚಿದಾಗಲೇ ಗೊತ್ತಾಗುವುದು. ಒಂದು ಫ್ಯಾನು, ಟವೆಲ್ಲು, ಸವಾರಿ ಮುಗಿದ ಮೇಲೆ ಒದ್ದೆ ಬಟ್ಟೆಯ ಒರೆತ, ಇಷ್ಟು ಸಾಕು. ಉಪ್ಪುನೀರು ವಿದ್ಯುತ್ ಹರಿಸುವುದರಿಂದ ಬೆವರಿದ ಫೋನಿನ ಪರದೆಯೂ ಬೆರಳಿಗೂ ಹನಿಗೂ ವ್ಯತ್ಯಾಸ ತಿಳಿಯದೆ ತಾನಾಗಿ ಯಾರಿಗೋ ಕರೆ ಮಾಡುತ್ತದೆ. ಬೆಳಗ್ಗೆ ಆರೂವರೆಗೆ, ಹೆಚ್ಚಾಗಿ ಮ್ಯಾನೇಜರಿಗೆ.

ನಗು ಬದಿಗಿಟ್ಟು ಒಂದು ಮಾತು. ಎಳೆ ಮಗುವಿಗೆ ಮುತ್ತಿಟ್ಟಾಗಲೆಲ್ಲ ಉಪ್ಪುಪ್ಪು ಅನ್ನಿಸಿದರೆ ವೈದ್ಯರಿಗೆ ಹೇಳಬೇಕು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ನಾಳದ ಕ್ಲೋರೈಡ್ ಬಾಗಿಲೇ ಕೆಟ್ಟಿರುತ್ತದೆ. 1948ರಲ್ಲಿ ನ್ಯೂಯಾರ್ಕಿನ ಬಿಸಿಗಾಳಿಗೆ ಇಂಥ ಮಕ್ಕಳು ಕುಸಿದು ಆಸ್ಪತ್ರೆ ಸೇರಿದಾಗ ಬೆವರಿನ ಸುಳಿವು ಸಿಕ್ಕಿತು. ಇಂದಿಗೂ ಬೆವರಿನ ಕ್ಲೋರೈಡ್ ಅಳೆಯುವುದೇ ಮುಖ್ಯ ಪರೀಕ್ಷೆ.

ಉಳಿದವರಿಗೆ ಬೇಕಾದ ಉಪಕರಣ ಬಾತ್‌ರೂಮಿನ ತೂಕದ ಯಂತ್ರ. ಓಟಕ್ಕೆ ಮೊದಲು ಮೂತ್ರ ಮಾಡಿ, ಬಟ್ಟೆಯಿಲ್ಲದೆ ತೂಗಿ. ಬಂದು ಮೈ ಒರೆಸಿಕೊಂಡು ಮತ್ತೆ ತೂಗಿ. (ಬಾಗಿಲ ಚಿಲಕ ಹಾಕುವುದು ವಿಧಾನದ ಭಾಗವೇ.) 70 ಕಿಲೋ ಇದ್ದದ್ದು 69.2 ಆಗಿ, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಹೋದ ಬೆವರು 1.3 ಲೀಟರ್. ಲೀಟರಿಗೆ ಎರಡೂವರೆ ಗ್ರಾಂ ಎಂದು ಹಿಡಿದರೂ ಮೂರು ಗ್ರಾಂ ಮೀರಿ ಉಪ್ಪು, ಅಂದರೆ ಅರ್ಧ ಚಮಚಕ್ಕೂ ಸ್ವಲ್ಪ ಹೆಚ್ಚು. ಒಂದು ಗಂಟೆಯ ಓಟಕ್ಕೆ ಇದನ್ನು ತುಂಬಲು ಪುಡಿ, ಮಾತ್ರೆ ಯಾವುದೂ ಬೇಡ. ಇಡ್ಲಿ, ಸಾಂಬಾರು, ಚಟ್ನಿ ಆ ಕೆಲಸವನ್ನು ಯಾವ ಜಾಹೀರಾತೂ ಇಲ್ಲದೆ ಮಾಡುತ್ತವೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿಗೆ ಉಪ್ಪು ಮಜ್ಜಿಗೆಯೇ ಹತ್ತಿರದ ನೆಂಟ. ಎರಡು ಗಂಟೆ ಮೀರಿದ ಓಟಕ್ಕೆ ಓಆರ್‌ಎಸ್ ಆದೀತು. ಆದರೆ ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಗಟಗಟ ಕುಡಿದರೆ ಹೊಟ್ಟೆ ತೊಳಸಿ ಬಾತ್‌ರೂಮಿಗೇ ಓಡಬೇಕಾಗುತ್ತದೆ. ಬಿಪಿ, ಕಿಡ್ನಿ ತೊಂದರೆಯವರು ವೈದ್ಯರನ್ನು ಕೇಳದೆ ಉಪ್ಪು ಏರಿಸಬಾರದು.

ಓಡಿ ಬಂದ ಮೇಲೆ ತೂಕ ಹೆಚ್ಚಾಗಿದ್ದರೆ ಮಾತ್ರ ಹುಷಾರು. ಎಷ್ಟೇ ಉಪ್ಪಾದರೂ ಬೆವರು ರಕ್ತಕ್ಕಿಂತ ಸಪ್ಪೆ. ರಕ್ತದ ಸೋಡಿಯಂ ಅಪಾಯಕ್ಕೆ ಇಳಿಯುವುದು ಮುಖ್ಯವಾಗಿ ಬರೀ ನೀರು ಅತಿಯಾದಾಗ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಕೊಟ್ಟ 488 ಓಟಗಾರರಲ್ಲಿ ಶೇ. 13 ಮಂದಿಯ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಇಳಿದಿತ್ತು, ಓಡುತ್ತಾ ತೂಕ ಏರಿಸಿಕೊಂಡವರಲ್ಲಿ ಇದು ಹೆಚ್ಚು. ತಲೆನೋವು, ವಾಂತಿ, ಗೊಂದಲ ಶುರುವಾದರೆ ಇನ್ನೊಂದು ಬಾಟಲಿ ನೀರು ಬಾಯಿಗಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.