ದುಡಿಯದ ಚಾಕುವಿಗೆ ಪೂಜೆಯಿಲ್ಲ

ಆಯುಧ ಪೂಜೆ ಮುಗಿದು ಮೂರು ದಿನವಾಯಿತು. ನಮ್ಮ ರಸ್ತೆಯಲ್ಲಿ ಒಡೆದು ಬಿದ್ದಿದ್ದ ಕುಂಬಳಕಾಯಿ ಚೂರುಗಳನ್ನು ಪೌರಕಾರ್ಮಿಕರು ಬಳಿದು ಸಾಗಿಸಿಯೂ ಆಯಿತು. ನನ್ನ ಹೊಟ್ಟೆಯುರಿ ಮಾತ್ರ ಇನ್ನೂ ಆರಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್, ನಾಲ್ಕು ಬೆಂಕಿಕಡ್ಡಿ ಮತ್ತು ಹೊಲಿಗೆ ಯಂತ್ರದ ಎಣ್ಣೆಯನ್ನು ಮುಂದಿಟ್ಟುಕೊಂಡು, ಚಾಕುವಿನ ಕೀಲಿನೊಳಗಿಂದ ಕುಂಕುಮ ಕೆರೆಯುತ್ತಾ ಇದನ್ನು ಬರೆಯುತ್ತಿದ್ದೇನೆ.

ನನಗೆ ಹಳೆಯ ಮಡಚುವ ಚಾಕುಗಳ ಹುಚ್ಚು. ಹೀಗೆಂದರೆ ಸಾಕು, ಕೇಳಿದವರ ಕಣ್ಣ ಮುಂದೆ ರಾಂಪುರಿ ಚಾಕು ಹಿಡಿದ ಹಳೆಯ ಸಿನಿಮಾದ ಖಳನಾಯಕ ಬಂದು ನಿಲ್ಲುತ್ತಾನೆ. ನನ್ನವು ಅಂಥವಲ್ಲ. ಅಲಗು ಎರಡೂವರೆ ಇಂಚು ದಾಟುವುದಿಲ್ಲ. ಹಕ್ಕಿಯ ಗರಿಯನ್ನು ಹೆರೆದು ಲೇಖನಿ ಮಾಡಲೆಂದು ಹುಟ್ಟಿ, ಅದರಿಂದಲೇ ಪೆನ್ ನೈಫ್ ಎಂದು ಹೆಸರು ಪಡೆದ ಸಾಧು ಜಾತಿ. ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ತುಕ್ಕು ಹಿಡಿದ ಬೀಗ, ಬೋಲ್ಟುಗಳ ರಾಶಿಗೆ ಕೈ ಹಾಕಿ ಒಂದೊಂದಾಗಿ ಹೆಕ್ಕಿ ತಂದಿದ್ದೇನೆ. ಅಲ್ಲಿ ಜೇಬಿನಿಂದ ಭೂತಗನ್ನಡಿ ತೆಗೆದಿರೋ, ಮೂವತ್ತು ರೂಪಾಯಿಯ ಚಾಕು ಮುನ್ನೂರಕ್ಕೆ ಏರಿತೆಂದೇ ಲೆಕ್ಕ. ಅದಕ್ಕಾಗಿ ನಾನು ಮೊದಲು ಪಕ್ಕದಲ್ಲಿರುವ ಹಿತ್ತಾಳೆ ನಲ್ಲಿಯ ಬೆಲೆ ಕೇಳುತ್ತೇನೆ. ಈಗ ಮನೆಯಲ್ಲಿ ಚಾಕು ಹನ್ನೊಂದು, ನಲ್ಲಿ ಆರು.

ಹನ್ನೊಂದರಲ್ಲಿ ಪಟ್ಟದ ಆನೆ ಎಂದರೆ ಅಜ್ಜನ ಚಾಕು. ಅದೊಂದನ್ನು ಮಾತ್ರ ಕೊಂಡದ್ದಲ್ಲ, ಬಂದದ್ದು. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಅವರ ತಯಾರಿಕೆ. ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಒಂದು ಮಾಲ್ಟೀಸ್ ಶಿಲುಬೆ. 1682ರಲ್ಲಿ ನೋಂದಣಿಯಾದ ಮುದ್ರೆ ಅದು. ಇದೇ ಮನೆತನದವರು 1851ರ ಲಂಡನ್ ಮಹಾಪ್ರದರ್ಶನಕ್ಕೆ 75 ಅಲಗುಗಳ ಒಂದು ಚಾಕು ಮಾಡಿಟ್ಟಿದ್ದರು. ಈ ಸಂಗತಿಯನ್ನು ಹೆಂಡತಿಗೆ ಭಕ್ತಿಯಿಂದ ಹೇಳಿದಾಗ, “ಅದರಲ್ಲಿ ಒಂದಾದರೂ ಕಾಯಿ ತುರಿಯುತ್ತದೆಯೇ?” ಎಂದು ಕೇಳಿದಳು.

ಅವಳ ವಾದ ಸರಳ. ದುಡಿಯುವ ವಸ್ತುವಿಗೆ ಮಾತ್ರ ಮರ್ಯಾದೆ. ಆಯುಧ ಪೂಜೆಯ ದಿನ ದೇವರ ಮನೆಯಲ್ಲಿ ಈಳಿಗೆಮಣೆ, ಅಡುಗೆಯ ಚಾಕು, ಕತ್ತರಿ, ಸುತ್ತಿಗೆ, ಮಿಕ್ಸಿಯ ಜಾರು, ಮಗನ ಲ್ಯಾಪ್‌ಟಾಪು ಎಲ್ಲವೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕುಳಿತಿದ್ದವು. ನನ್ನ ಹನ್ನೊಂದೂ ಮೇಜಿನ ಡ್ರಾಯರಿನಲ್ಲೇ ಉಳಿದವು. “ವರ್ಷವಿಡೀ ರಜೆಯಲ್ಲಿರುವವಕ್ಕೆ ಇವತ್ತೊಂದು ದಿನ ಬೇರೆ ವಿಶ್ರಾಂತಿ ಏಕೆ?” ಎಂದಳು. ಒಳಗೊಳಗೇ ನನಗೆ ಸಮಾಧಾನವೇ ಆಯಿತು. ಅಜ್ಜನ ಚಾಕು ಹಳೆಯ ಕಾರ್ಬನ್ ಉಕ್ಕಿನದು. ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಅದೇ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಎರಕ ಹೊಯ್ದನಾದರೂ ಆ ಸುದ್ದಿ ಈ ಚಾಕುವಿಗೆ ಮುಟ್ಟಿಲ್ಲ. ಒದ್ದೆ ಅರಿಶಿನ ತಾಗಿದರೆ ಸಂಜೆಯೊಳಗೆ ಮುಖ ಕಪ್ಪಿಡುತ್ತದೆ. ಪೂಜೆ ತಪ್ಪಿದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಅಲ್ಲಿಯೇ ನಾನು ಎಡವಿದ್ದು.

ಹನ್ನೊಂದು ಗಂಟೆಗೆ ಷಡ್ಡಕರ ಹೊಸ ಕಾರು ಮನೆ ಮುಂದೆ ಬಂದು ನಿಂತಿತು. ಅತ್ತೆಯವರ ಕೈಯಿಂದಲೇ ಪೂಜೆಯಾಗಬೇಕೆಂದು ತಂದಿದ್ದರು. ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಸಿದ್ಧ, ಬಾನೆಟ್ಟಿನ ಮೇಲೆ ಹಾರ ಸಿದ್ಧ, ಬೂದುಗುಂಬಳಕಾಯಿಯೂ ಸಿದ್ಧ. ಕಾಯಿಗೆ ಕಿಂಡಿ ಕೊರೆದು ಕುಂಕುಮ, ಚಿಲ್ಲರೆ ತುಂಬಲು ಚಾಕು ಬೇಕು. ಮನೆಯ ಅಷ್ಟೂ ಆಯುಧಗಳು ಪೂಜೆಗೆ ಕುಳಿತಿವೆ, ನಾಳೆಯವರೆಗೆ ಕದಲಿಸುವಂತಿಲ್ಲ.

“ಇವರ ಹತ್ತಿರ ಹನ್ನೊಂದು ಇವೆಯಲ್ಲ” ಎಂದಳು ಹೆಂಡತಿ.

ನಾನು ಬಾಯಿ ತೆರೆಯುವ ಮೊದಲೇ ಮಗ ಡ್ರಾಯರ್ ತೆರೆದಿದ್ದ. ಹನ್ನೊಂದರಲ್ಲಿ ಅವನ ಕೈಗೆ ಸಿಕ್ಕಿದ್ದು ಯಾವುದೆಂದು ಹೇಳಬೇಕೆ?

“ಇಷ್ಟೇನಾ ರಾಯರೇ?” ಎಂದರು ಷಡ್ಡಕರು, ಅಂಗೈಯಲ್ಲಿ ಅದನ್ನು ಇಲಿಮರಿಯಂತೆ ತೂಗುತ್ತಾ. ಅತ್ತೆಯವರು ಕನ್ನಡಕ ಸರಿಪಡಿಸಿಕೊಂಡು, “ಹಿಡಿ ಯಾವುದರದ್ದು?” ಎಂದರು. “ಕೊಂಬಿನದು” ಎಂದೆ. ಅದು ಎಲುಬು, ಅದೂ ದನದ್ದು. ಕಡವೆ ಕೊಂಬಿನಂತೆ ಕಾಣಲೆಂದು ಗೀರು ಕೊರೆದಿದ್ದಾರೆ, ಅಷ್ಟೇ. ಮಡಿ ಬಿಡದ ಅಜ್ಜ ಅದರಲ್ಲಿಯೇ ಐವತ್ತು ವರ್ಷ ವೀಳ್ಯದೆಲೆಯ ತೊಟ್ಟು ಚಿವುಟಿದ. ಅವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಕೇಳದೆ ಉಳಿದನೋ.

ಷಡ್ಡಕರು ಚಾಕುವನ್ನು ಕುಂಬಳಕಾಯಿಗೆ ಚುಚ್ಚಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು. ತೆಗೆಯಲು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. “ಭಾವ, ತಿರುಚಬೇಡಿ, ಬೀಗವಿಲ್ಲದ ಚಾಕು ಅದು, ಮಡಚಿಕೊಂಡು ಬೆರಳು ಕತ್ತರಿಸೀತು” ಎಂದು ಕೂಗಿದೆ. ನನ್ನ ಚಿಂತೆ ಅವರ ಬೆರಳಿನದಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಚಾಕು ಕದಲಲಿಲ್ಲ. ಅಷ್ಟರಲ್ಲಿ ಅತ್ತೆಯವರು ರಾಹುಕಾಲ ಬಂತೆಂದು ಕೂಗಿದರು. ಷಡ್ಡಕರು ಹೊಸ ಕಾರಿನ ಕೀಲಿಕೈಯಿಂದಲೇ ಪಕ್ಕದಲ್ಲಿ ಇನ್ನೊಂದು ತೂತು ಕೊರೆದು, ಕುಂಕುಮ ಸುರಿದು, ಚಿಲ್ಲರೆ ತುರುಕಿ, ಮೇಲೆ ಕರ್ಪೂರ ಹಚ್ಚಿದರು. ಈ ಕೀಲಿಕೈಯ ಉಪಾಯ ಐದು ನಿಮಿಷ ಮೊದಲು ಹೊಳೆಯಬಾರದಿತ್ತೇ!

ನಿವಾಳಿಸುವುದು ಶುರುವಾಯಿತು. ಮುಂದೆ ಉರಿಯುವ ಕುಂಬಳಕಾಯಿ ಹೊತ್ತ ಷಡ್ಡಕರು, ಕಾಯಿಯ ಪಕ್ಕದಿಂದ ಬಾಲದಂತೆ ಚಾಚಿಕೊಂಡ ಅಜ್ಜನ ಚಾಕು, ಅದರ ಮೇಲೆಯೇ ಕಣ್ಣು ನೆಟ್ಟು ಕೈ ಚಾಚಿಕೊಂಡು ಹಿಂದೆ ನಾನು. ಮೂರು ಸುತ್ತು. ಎದುರು ಮನೆಯ ಅಜ್ಜಿ ನಾನು ಪ್ರದಕ್ಷಿಣೆ ಹಾಕುತ್ತಿದ್ದೇನೆಂದು ತಿಳಿದು ಅಲ್ಲಿಂದಲೇ ಕೈ ಮುಗಿದರು. “ಒಡೆಯುವ ಮೊದಲು ಒಂದು ನಿಮಿಷ, ಭಾವ” ಎಂದೆ. “ಒಡೆ” ಎಂಬುದಷ್ಟೇ ಅವರಿಗೆ ಕೇಳಿಸಿತು.

ಆಮೇಲಿನದನ್ನು ಹೆಚ್ಚು ಹೇಳಲಾರೆ. ಬಿಳಿ ಪಂಚೆಯುಟ್ಟ ಐವತ್ತೆರಡರ ಗೃಹಸ್ಥನೊಬ್ಬ ನಡುರಸ್ತೆಯಲ್ಲಿ ಮಂಡಿಯೂರಿ ಕೆಂಪು ತಿರುಳನ್ನು ಎರಡೂ ಕೈಯಲ್ಲಿ ಕೆದಕುತ್ತಿದ್ದ. ಪಕ್ಕದಲ್ಲಿ ಅದೇ ಭಂಗಿಯಲ್ಲಿ ಚಿಲ್ಲರೆ ಹುಡುಕುತ್ತಿದ್ದ ನಾಲ್ಕು ಹುಡುಗರು ಅವನನ್ನು ಪ್ರತಿಸ್ಪರ್ಧಿ ಎಂದೇ ನೋಡಿದರು. ಸ್ಕೂಟರಿನವರು ಬೈದುಕೊಂಡು ಸುತ್ತಿ ಹೋದರು. ಕೊನೆಗೆ ಹುಡುಗರಲ್ಲೊಬ್ಬ, “ಅಂಕಲ್, ದುಡ್ಡೆಲ್ಲಾ ನಮಗೆ, ಇದು ನಿಮಗೆ” ಎಂದು ರಾಜಿ ಸೂತ್ರ ಮುಂದಿಟ್ಟು ಚಾಕುವನ್ನು ನೀಡಿದ. ಅಲಗಿನ ಮೊನೆ ಅರ್ಧ ಇಂಚಿನಷ್ಟು ಇರಲಿಲ್ಲ.

ನಾನು ಕೈ ಚಾಚಿ ಈಸಿಕೊಂಡೆ. ಅಜ್ಜನಾಗಿದ್ದರೆ ಹಾಗೆ ಈಸಿಕೊಳ್ಳುತ್ತಿರಲಿಲ್ಲ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನೆಲದ ಮೇಲಿಡಿಸಿ, ಆಮೇಲೆ ಎತ್ತಿಕೊಳ್ಳುತ್ತಿದ್ದ. ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು ನನ್ನ ಪೆನ್ಸಿಲುಗಳನ್ನು ಹೆರೆದುಕೊಡುತ್ತಿದ್ದ. ಸಿಪ್ಪೆ ಎಲ್ಲಿಯೂ ತುಂಡಾಗದೆ ಸುರುಳಿಯಾಗಿ ಅವನ ಪಂಚೆಯ ಮಡಿಲಿಗೆ ಇಳಿಯುತ್ತಿತ್ತು. ಹೆರೆದಾದ ಮೇಲೆ ಅಲಗು ಮಡಚಿದರೆ ಟಕ್ ಎಂಬ ಸದ್ದು. ಬಚ್ಚಲ ಬಳಿಯ ಒಗೆಯುವ ಕಲ್ಲಿಗೆ ಮಸೆದು ಮಸೆದು ಅಲಗಿನ ಹೊಟ್ಟೆ ಒಳಗೆ ಹೋಗಿತ್ತು. ಸಂಗ್ರಾಹಕರ ಲೆಕ್ಕದಲ್ಲಿ ಹಾಗೆ ಸವೆದ ಚಾಕುವಿಗೆ ಬೆಲೆ ಕಡಿಮೆ. ನಾನು ಎಂದೂ ಅದಕ್ಕೆ ಸಾಣೆ ಹಿಡಿಸಲಿಲ್ಲ. ಅಜ್ಜ ಸವೆಸಿದ್ದರ ಮೇಲೆ ನಾನೂ ಸವೆಸುವುದು ಬೇಡವೆಂದು.

ಈಗ ಮಡಚಿದರೆ ಟಕ್ ಎನ್ನುವುದಿಲ್ಲ, ಕರ್ರ್ ಎನ್ನುತ್ತದೆ. ಎಷ್ಟು ಎಣ್ಣೆ ಬಿಟ್ಟರೂ ಕೀಲಿನಿಂದ ಇನ್ನೂ ಕೆಂಪು ಇಳಿಯುತ್ತಲೇ ಇದೆ. “ನೋಡಿ, ಕೊನೆಗೂ ಅದಕ್ಕೂ ಕುಂಕುಮ ಬಿತ್ತು” ಎಂದು ಹೆಂಡತಿ ನಗುತ್ತಾಳೆ.

ಇವತ್ತು ಬೆಳಿಗ್ಗೆ ಷಡ್ಡಕರ ಫೋನು. ದನಿಯಲ್ಲಿ ಸಿಡುಕು. “ಏನು ರಾಯರೇ, ಹೊಸ ಕಾರು, ಮೂರೇ ದಿನಕ್ಕೆ ಪಂಕ್ಚರ್. ದೃಷ್ಟಿ ಸರಿಯಾಗಿ ತೆಗೆಯಲಿಲ್ಲವೆಂದು ಇವಳ ದೂರು. ಅಂಗಡಿಯವನು ಟೈರಿನಿಂದ ಎಂಥದೋ ಚೂಪಾದ ಕಬ್ಬಿಣದ ಚೂರು ಕಿತ್ತು ತೋರಿಸಿದ.”

“ಎಷ್ಟು ಉದ್ದ ಇತ್ತು, ಭಾವ?”

“ಅರ್ಧ ಇಂಚು ಇರಬಹುದು. ಏಕೆ?”

“ಅದನ್ನು ಎಸೆಯಲಿಲ್ಲ ತಾನೇ?”